ಅಳೆಯುವುದಕ್ಕೂ ಮುಂಚೆ ಏನನ್ನು ಒಪ್ಪಿಕೊಂಡಿರುತ್ತೇವೆ?

ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ಪರೀಕ್ಷೆ ಮಾಡುವ ರೀತಿ ಹೀಗಿರುತ್ತದೆ. ಚೀಲದೊಳಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ. ಅಂಗೈಯಲ್ಲಿ ಹಿಸುಕಿ ತೇವ ನೋಡುತ್ತಾರೆ. ಒಂದು ಕಾಯಿ ಮುರಿದು ಬೀಜ ಎಷ್ಟಿದೆ, ಸಿಪ್ಪೆ ಎಷ್ಟು ದಪ್ಪ ಅಂತ ನೋಡುತ್ತಾರೆ. "ಡಬ್ಬಿ ಕಾಯಿರೀ ಇದು. ಬಣ್ಣ ಭಾಳ ಛಲೋ ಐತಿ, ಖಾರ ಕಮ್ಮಿ" ಎಂದು ರೈತ ಹೇಳುತ್ತಾನೆ. ಕೊಳ್ಳುವವನೂ ತನ್ನ ಕಣ್ಣು, ಮೂಗು, ಬೆರಳುಗಳನ್ನೇ ನಂಬಿ ರೇಟು ಬರೆಯುತ್ತಾನೆ.

ಅದೇ ಕಾಯಿ ಬಣ್ಣ ತೆಗೆಯುವ ಕಾರ್ಖಾನೆಯ ಲ್ಯಾಬಿಗೆ ಹೋದರೆ "ಭಾಳ ಛಲೋ" ಅನ್ನುವ ಮಾತು ನಡೆಯುವುದಿಲ್ಲ. ಅಲ್ಲಿ ಬಣ್ಣಕ್ಕೊಂದು ನಂಬರ್ ಬೇಕು, ಖಾರಕ್ಕೊಂದು ನಂಬರ್ ಬೇಕು. ಬಣ್ಣದ್ದು ಆಸ್ಟಾ, ಅಂದರೆ ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ ಗೊತ್ತುಮಾಡಿದ ಅಳತೆ. ಮೆಣಸಿನಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸುತ್ತಾರೆ. ಬಣ್ಣ ಬಿಟ್ಟ ಆ ದ್ರವದ ಮೂಲಕ 460 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಹಾಯಿಸಿ, ಎಷ್ಟು ಬೆಳಕು ಒಳಗೇ ಉಳಿಯಿತು ಅಂತ ಲೆಕ್ಕ ಹಾಕುತ್ತಾರೆ. ಬಣ್ಣದ ಕಣಗಳು ಜಾಸ್ತಿ ಇದ್ದಷ್ಟೂ ನಂಬರ್ ಜಾಸ್ತಿ.

ಇಲ್ಲಿ ಒಂದು ತಮಾಷೆ ಇದೆ. 460 ನ್ಯಾನೋಮೀಟರ್ ಅಂದರೆ ನೀಲಿ ಬೆಳಕು. ಕಾಯಿ ಎಷ್ಟು ಕೆಂಪು ಎಂದು ತಿಳಿಯಲು ಅದು ಎಷ್ಟು ನೀಲಿಯನ್ನು ನುಂಗುತ್ತದೆ ಎಂದು ಅಳೆಯುತ್ತಿದ್ದೇವೆ. ನಮ್ಮ ಕಣ್ಣಿಗೆ ಕಾಣುವ ಆ ಕಡುಗೆಂಪು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಕುರುಡರೂ ಈ ಮೀಟರ್ ಓದಬಹುದು, ಯಾರಾದರೂ ನಂಬರ್ ಕೂಗಿ ಹೇಳಿದರೆ ಸಾಕು.

ಖಾರದ ಕತೆ ಇನ್ನೂ ಚೆನ್ನಾಗಿದೆ. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಎಂಬ ಔಷಧಶಾಸ್ತ್ರಜ್ಞ ಒಂದು ಉಪಾಯ ಮಾಡಿದ. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವು ಮಾಡುತ್ತಾ ಹೋಗುವುದು, ರುಚಿ ನೋಡುವವರ ನಾಲಿಗೆಗೆ ಖಾರ ತಿಳಿಯದೇ ಹೋಗುವವರೆಗೆ. ಎಷ್ಟು ಪಟ್ಟು ತೆಳುವು ಮಾಡಬೇಕಾಯಿತೋ ಅದೇ ಖಾರದ ಅಳತೆ. ಆದರೆ ನಾಲಿಗೆ ನಾಲಿಗೆಗೂ ವ್ಯತ್ಯಾಸ. ನಾಲ್ಕು ಸಲ ಚಪ್ಪರಿಸಿದ ಮೇಲೆ ಅದೇ ನಾಲಿಗೆ ಮರಗಟ್ಟುತ್ತದೆ. ಹಾಗಾಗಿ ಈಗ ನಾಲಿಗೆಯನ್ನು ಬಿಟ್ಟು, ಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಎಷ್ಟಿದೆ ಎಂದು ಯಂತ್ರದಿಂದ ಅಳೆಯುತ್ತಾರೆ. ಶುದ್ಧ ಕ್ಯಾಪ್ಸೈಸಿನ್‌ಗೆ 1.6 ಕೋಟಿ ಸ್ಕೋವಿಲ್.

ನಾಲಿಗೆಯಿಂದ ಯಂತ್ರಕ್ಕೆ ಹೋದದ್ದು ಸುಮ್ನೆ ಸಲಕರಣೆಯ ಬದಲಾವಣೆ ಅನಿಸುತ್ತದೆ, ಅಲ್ವಾ? ಸ್ವಲ್ಪ ನಿಂತು ನೋಡಿ. ಖಾರ ಕಾಯಿಯಲ್ಲಿದೆಯೋ, ತಿನ್ನುವವರ ಬಾಯಲ್ಲಿದೆಯೋ? ಗಿಳಿಗಳು ಹಸಿ ಮೆಣಸಿನಕಾಯಿಯನ್ನು ಆರಾಮಾಗಿ ಕಚ್ಚಿ ತಿನ್ನುತ್ತವೆ. ಪಕ್ಷಿಗಳ ನರಗಳಿಗೆ ಕ್ಯಾಪ್ಸೈಸಿನ್ ನಾಟುವುದಿಲ್ಲ. ಗಿಳಿಯ ಕೊಕ್ಕಿನಲ್ಲಿರುವಾಗ ಆ ಕಾಯಿಯಲ್ಲಿ ಕ್ಯಾಪ್ಸೈಸಿನ್ ಇದ್ದೇ ಇದೆ, ಖಾರ ಇದೆಯಾ? ಯಂತ್ರ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನಾವು ಮೊದಲೇ ಒಂದು ಉತ್ತರ ಇಟ್ಟುಕೊಂಡು ಯಂತ್ರ ಕಟ್ಟಿದ್ದೇವೆ. ಖಾರ ಎನ್ನುವುದು ವಸ್ತುವಿನಲ್ಲಿರುವ ಒಂದು ಪದಾರ್ಥ, ನಾಲಿಗೆಯ ಉರಿ ಅದರ ಪರಿಣಾಮ ಅಷ್ಟೇ. ಹೀಗೆ ಒಪ್ಪಿಕೊಂಡ ಮೇಲೆಯೇ ನಂಬರ್ ಬಂತು.

ಮೆಟಾಫಿಸಿಕ್ಸ್ ಅಂದ ಕೂಡಲೇ ನಮ್ಮ ಕಡೆ ಮನಸ್ಸು ಮಠ, ಮೋಕ್ಷ, ಆತ್ಮದ ಕಡೆ ಓಡುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಚಿಕ್ಕದು, ಆದರೆ ತಪ್ಪಿಸಿಕೊಳ್ಳಲು ಆಗದ್ದು. ನಿಜವಾಗಿ ಏನೇನಿದೆ? ಬದಲಾಗುವಾಗ ಉಳಿಯುವುದು ಯಾವುದು? ಒಂದರಿಂದ ಇನ್ನೊಂದು ಆಯಿತು ಎಂದರೆ ಏನು? ಈ ಮೂರಕ್ಕೂ ಏನೋ ಒಂದು ಉತ್ತರ ಇಟ್ಟುಕೊಳ್ಳದೆ ಯಾವ ವಿಜ್ಞಾನಿಯೂ ಅಳತೆಗೆ ಇಳಿಯುವುದಿಲ್ಲ. ಗಣಿತ ಬರುವುದು ಅದಾದ ಮೇಲೆ. ಬಂದ ಮೇಲೆ ಅದು ಸುಮ್ಮನೆ ಕೂರುವುದಿಲ್ಲ, ನಾವು ಒಪ್ಪಿಕೊಂಡದ್ದನ್ನೇ ತಿರುಗಿ ಪರೀಕ್ಷೆಗೆ ಹಚ್ಚುತ್ತದೆ.

ಗೆಲಿಲಿಯೋ ಹೊರಗಿಟ್ಟದ್ದು

"ಪ್ರಕೃತಿಯ ಪುಸ್ತಕ ಗಣಿತದ ಭಾಷೆಯಲ್ಲಿದೆ" ಎಂಬ ಗೆಲಿಲಿಯೋನ ಮಾತು ಎಲ್ಲ ವಿಜ್ಞಾನ ಭಾಷಣಗಳಲ್ಲೂ ಬರುತ್ತದೆ. ಅದು 1623ರಲ್ಲಿ ಅವನು ಬರೆದ ಪುಸ್ತಕದ ಮಾತು. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಅಷ್ಟಾಗಿ ನೆನೆಸುವುದಿಲ್ಲ. ಹಕ್ಕಿಯ ಗರಿಯಿಂದ ಸವರಿದರೆ ಕಚಗುಳಿ ಆಗುತ್ತದೆ. ಕಚಗುಳಿ ಗರಿಯಲ್ಲಿ ಇದೆಯೇ? ಇಲ್ಲ, ನಮ್ಮ ಮೈಯಲ್ಲಿದೆ. ರುಚಿ, ವಾಸನೆ, ಬಣ್ಣಗಳೂ ಹಾಗೇ ಎಂದ ಗೆಲಿಲಿಯೋ. ಆಕಾರ, ಗಾತ್ರ, ಎಣಿಕೆ, ಚಲನೆ ಮಾತ್ರ ವಸ್ತುವಿನಲ್ಲಿ ನಿಜವಾಗಿ ಇರುವಂಥವು.

ಈ ಎರಡು ಮಾತು ಒಂದೇ ಪುಸ್ತಕದಲ್ಲಿ ಬಂದದ್ದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಗಣಿತಕ್ಕೆ ಸಿಗದ್ದನ್ನೆಲ್ಲ ಮೊದಲು ವಸ್ತುವಿನಿಂದ ತೆಗೆದು ಮನುಷ್ಯನ ಖಾತೆಗೆ ಹಾಕಿದ. ಉಳಿದದ್ದು ಗಣಿತಕ್ಕೆ ಹೊಂದಿತು. ಹೊಂದಲೇಬೇಕಲ್ಲ! ಇದನ್ನು ಮೋಸ ಅನ್ನುತ್ತಿಲ್ಲ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ, ಒಂದೊಂದು ಸಮಾನ ಹೊತ್ತಿನಲ್ಲಿ ಅದು ಹೋಗುವ ದೂರ 1, 3, 5, 7 ಎಂಬ ಬೆಸ ಸಂಖ್ಯೆಗಳ ಪ್ರಮಾಣದಲ್ಲಿ ಬೆಳೆಯುತ್ತದೆ ಎಂದು ಅವನು ತೋರಿಸಿದ. ಕೂಡಿಸುತ್ತಾ ಹೋದರೆ 1, 4, 9, 16. ಅಂದರೆ ಒಟ್ಟು ದೂರ ಹೊತ್ತಿನ ವರ್ಗದಂತೆ ಬೆಳೆಯುತ್ತದೆ. ಗುಂಡು ಹಿತ್ತಾಳೆಯದೋ ಕಲ್ಲಿನದೋ, ಕೆಂಪೋ ಕರಿಯೋ, ಲೆಕ್ಕಕ್ಕೆ ಬೇಕಿಲ್ಲ. ಯಾವುದನ್ನು ಬಿಡಬಹುದು ಎಂದು ಸರಿಯಾಗಿ ಆರಿಸಿದ್ದೇ ಅವನ ದೊಡ್ಡಸ್ತಿಕೆ. 1638ರ ಪುಸ್ತಕದಲ್ಲಿ, ಬೀಳುವ ವಸ್ತು ಯಾಕೆ ವೇಗ ಹೆಚ್ಚಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನೂ ಅವನು ಸದ್ಯಕ್ಕೆ ಬೇಡ ಅಂತ ಪಕ್ಕಕ್ಕಿಟ್ಟ.

ಎಲ್ಲಾ ಗುಣಕ್ಕೂ ನಂಬರ್ ಹಚ್ಚಿದ ತಕ್ಷಣ ಅದು ಗಣಿತವಾಗುವುದಿಲ್ಲ ಎಂಬುದಕ್ಕೆ ಉಷ್ಣತೆ ಒಳ್ಳೆ ಉದಾಹರಣೆ. ಒಂದು ಕ್ವಿಂಟಲ್ ಜೋಳಕ್ಕೆ ಇನ್ನೊಂದು ಕ್ವಿಂಟಲ್ ಸೇರಿಸಿದರೆ ಎರಡಾಗುತ್ತದೆ. 40 ಡಿಗ್ರಿಯ ಒಂದು ಬಕೆಟ್ ನೀರಿಗೆ 40 ಡಿಗ್ರಿಯದೇ ಇನ್ನೊಂದು ಬಕೆಟ್ ಸುರಿದರೆ 80 ಆಗುವುದಿಲ್ಲ. ಡಿಸೆಂಬರ್ ಬೆಳಗ್ಗೆ ಧಾರವಾಡದಲ್ಲಿ 20 ಡಿಗ್ರಿ, ಮೇ ಮಧ್ಯಾಹ್ನ ಗದಗಿನಲ್ಲಿ 40 ಡಿಗ್ರಿ ಇತ್ತು ಅಂದುಕೊಳ್ಳಿ. ಗದಗ ಎರಡು ಪಟ್ಟು ಬಿಸಿ ಅನ್ನಬಹುದೇ? ಅನ್ನುವ ಹಾಗಿಲ್ಲ. ಸೆಲ್ಸಿಯಸ್‌ನ ಸೊನ್ನೆ ನಾವು ಅನುಕೂಲಕ್ಕೆ ಇಟ್ಟುಕೊಂಡದ್ದು, ನೀರು ಗಟ್ಟಿಯಾಗುವ ಜಾಗ. ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, ಯಾವ ವಸ್ತುವಿನ ಹಂಗೂ ಇಲ್ಲದ ಅಳತೆಯೊಂದನ್ನು 1848ರಲ್ಲಿ ಮುಂದಿಟ್ಟ. ಆ ದಾರಿಯಲ್ಲಿ ಬಂದ ಇಂದಿನ ಕೆಲ್ವಿನ್ ಲೆಕ್ಕದಲ್ಲಿ ಧಾರವಾಡ 293, ಗದಗ 313. ಹೆಚ್ಚಿದ್ದು ಶೇಕಡ 7ರಷ್ಟೇ. "ಎರಡು ಪಟ್ಟು ಬಿಸಿ" ಎಂಬ ಮಾತಿಗೆ ಅರ್ಥ ಬರಬೇಕಾದರೆ ಬಿಸಿ ಅಂದರೆ ಏನು ಎಂದು ಮೊದಲು ಗೊತ್ತಾಗಬೇಕಿತ್ತು.

ಏನೂ ಕಳೆದಿಲ್ಲ ಎಂಬ ನಂಬಿಕೆ

ಎರಡನೇ ಪ್ರಶ್ನೆ ಉಳಿಯುವುದರ ಬಗ್ಗೆ. ಫ್ರಾನ್ಸಿನ ಲವಾಜಿಯೆ 1789ರ ತನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ದ್ರಾಕ್ಷಿ ರಸ ಹುಳಿತು ಮದ್ಯವಾಗುವುದನ್ನು ವಿವರಿಸುತ್ತಾನೆ. ಸಕ್ಕರೆ, ನೀರು, ಯೀಸ್ಟು ಎಷ್ಟೆಷ್ಟು ಹಾಕಿದ, ಕೊನೆಗೆ ಆಲ್ಕೋಹಾಲ್, ಅನಿಲ, ಉಳಿಕೆ ಎಷ್ಟೆಷ್ಟು ಬಂತು, ಎಲ್ಲಾ ತೂಗುತ್ತಾನೆ. ಆ ಅಧ್ಯಾಯದಲ್ಲೇ ಅವನು ಹೇಳುವುದು: ಏನೂ ಹೊಸದಾಗಿ ಹುಟ್ಟುವುದಿಲ್ಲ, ಮೊದಲು ಇದ್ದಷ್ಟೇ ವಸ್ತು ಕೊನೆಗೂ ಇರುತ್ತದೆ, ಪ್ರಯೋಗ ಮಾಡುವ ಕಲೆಯೆಲ್ಲ ನಿಂತಿರುವುದು ಇದರ ಮೇಲೆ. ಆಮೇಲೆ ಗಣಿತದವರ ಹಾಗೆ ಒಂದು ಸಮೀಕರಣ ಬರೆಯುತ್ತಾನೆ. ಎಡಗಡೆ ದ್ರಾಕ್ಷಿ ರಸ, ಬಲಗಡೆ ಅನಿಲ ಮತ್ತು ಆಲ್ಕೋಹಾಲ್, ನಡುವೆ ಸಮ ಚಿಹ್ನೆ.

ಆ ಸಮ ಚಿಹ್ನೆ ಎಲ್ಲಿಂದ ಬಂತು? ತಕ್ಕಡಿ ಅದನ್ನು ಹೇಳಿಕೊಡಲಿಲ್ಲ. ನಿಜವಾಗಿ ತೂಗಿದರೆ ಯಾವತ್ತೂ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ. ಎಪಿಎಂಸಿಯಲ್ಲಿ ಬೆಳಗ್ಗೆ ತೂಗಿದ ಚೀಲ ಸಂಜೆಗೆ ಅರ್ಧ ಕಿಲೋ ಕಮ್ಮಿ ಬಂದರೆ, "ವಸ್ತುವೇ ಮಾಯವಾಯಿತು" ಎಂದು ಯಾರೂ ಹೇಳುವುದಿಲ್ಲ. ತೇವ ಆರಿತು, ಚೀಲ ಸೋರಿತು, ಇಲ್ಲವೇ ಕಾಟಾ ಸರಿ ಇಲ್ಲ ಅನ್ನುತ್ತೇವೆ. ಲವಾಜಿಯೆಯೂ ಹಾಗೇ. ಲೆಕ್ಕ ತಪ್ಪಿದರೆ ಅನಿಲ ಎಲ್ಲೋ ತಪ್ಪಿಸಿಕೊಂಡಿದೆ ಅಂತ ಹುಡುಕಿದ. ವಸ್ತು ನಾಶವಾಗುವುದಿಲ್ಲ ಎಂಬುದು ಹುಡುಕಾಟದ ಕೊನೆಗೆ ಸಿಕ್ಕ ಫಲ ಅನ್ನುವುದಕ್ಕಿಂತ, ಹುಡುಕಾಟ ಶುರುವಾಗಲು ಬೇಕಾದ ಬಂಡವಾಳ.

ಇಂಥ ನಂಬಿಕೆಯನ್ನು ಎಷ್ಟು ದೂರ ಹಿಡಿದುಕೊಂಡು ಹೋಗಬೇಕು? 1914ರಲ್ಲಿ ಚಾಡ್ವಿಕ್‌ಗೆ ಒಂದು ವಿಚಿತ್ರ ಕಂಡಿತು. ಕೆಲವು ಪರಮಾಣುಗಳು ಎಲೆಕ್ಟ್ರಾನ್ ಉಗುಳುವಾಗ ಪ್ರತಿ ಸಲವೂ ಒಂದೇ ಪ್ರಮಾಣದ ಶಕ್ತಿ ಹೊರಬರಬೇಕು. ಬರುತ್ತಿದ್ದದ್ದು ಒಮ್ಮೆ ಜಾಸ್ತಿ, ಒಮ್ಮೆ ಕಮ್ಮಿ. ಶಕ್ತಿ ಎಲ್ಲಿಗೋ ಕಳೆದುಹೋಗುತ್ತಿತ್ತು. ನೀಲ್ಸ್ ಬೋರ್ ಅಂಥವನೇ ಶಕ್ತಿ ಸಂರಕ್ಷಣೆಯ ನಿಯಮವನ್ನು ಬಿಟ್ಟುಬಿಡೋಣ ಅನ್ನುವ ಮಟ್ಟಕ್ಕೆ ಬಂದಿದ್ದ. 1930ರ ಡಿಸೆಂಬರ್‌ನಲ್ಲಿ ವುಲ್ಫ್‌ಗ್ಯಾಂಗ್ ಪೌಲಿ ಪತ್ರ ಬರೆದು, ಯಾರಿಗೂ ಕಾಣದ ಒಂದು ಕಣ ಆ ಶಕ್ತಿಯನ್ನು ಒಯ್ಯುತ್ತಿರಬಹುದು ಎಂದ. ಲೆಕ್ಕ ಸರಿ ಮಾಡಲು ಹೊಸ ವಸ್ತುವನ್ನೇ ಹುಟ್ಟಿಸಿದ ಹಾಗಾಯಿತು. 1956ರಲ್ಲಿ ಕೋವನ್ ಮತ್ತು ರೈನ್ಸ್ ಅದನ್ನು ಪತ್ತೆ ಹಚ್ಚಿದರು. ಅದೇ ನ್ಯೂಟ್ರಿನೋ.

ಆದರೆ ಇದೇ ಹಟ ಬೇರೆ ಕಡೆ ಕೈಕೊಟ್ಟಿದೆ. ಯುರೇನಸ್ ಗ್ರಹ ಲೆಕ್ಕ ತಪ್ಪಿ ನಡೆಯುತ್ತಿದ್ದಾಗ ಫ್ರಾನ್ಸಿನ ಖಗೋಳಜ್ಞ ಲವೆರಿಯೆ "ಇನ್ನೊಂದು ಗ್ರಹ ಎಳೆಯುತ್ತಿದೆ" ಎಂದು ಜಾಗ ಹೇಳಿದ. 1846ರಲ್ಲಿ ಬರ್ಲಿನ್ನಿನಲ್ಲಿ ದೂರದರ್ಶಕ ತಿರುಗಿಸಿದಾಗ ಆ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಬುಧ ಗ್ರಹದ ಲೆಕ್ಕವೂ ತಪ್ಪುತ್ತಿತ್ತು. 1859ರಲ್ಲಿ ಅದೇ ಲವೆರಿಯೆ ಅದೇ ಉಪಾಯ ಮಾಡಿದ. ಸೂರ್ಯನ ಹತ್ತಿರ ವಲ್ಕನ್ ಅನ್ನುವ ಗ್ರಹ ಇರಬೇಕು ಅಂತ ಜನ ಹುಡುಕಿದ್ದೇ ಹುಡುಕಿದ್ದು. ಅಲ್ಲಿ ಗ್ರಹ ಇರಲೇ ಇಲ್ಲ. ನೂರು ವರ್ಷಕ್ಕೆ 43 ಆರ್ಕ್ ಸೆಕೆಂಡಿನ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು) ಆ ಸಣ್ಣ ವ್ಯತ್ಯಾಸ ಬಗೆಹರಿದದ್ದು 1915ರಲ್ಲಿ, ಐನ್‌ಸ್ಟೈನ್ ಗುರುತ್ವವನ್ನೇ ಬೇರೆ ರೀತಿ ಕಟ್ಟಿದ ಮೇಲೆ. ಯಾವಾಗ ಹೊಸ ವಸ್ತು ಹುಡುಕಬೇಕು, ಯಾವಾಗ ನಿಯಮ ಬಿಡಬೇಕು ಎಂದು ಮುಂಚಿತವಾಗಿ ಹೇಳುವ ಸೂತ್ರ ಯಾವ ಪುಸ್ತಕದಲ್ಲೂ ಇಲ್ಲ.

ಗಣಿತ ಇಲ್ಲಿ ಒಂದು ದೊಡ್ಡ ಉಪಕಾರ ಮಾಡಿತು. 1918ರಲ್ಲಿ ಎಮ್ಮಿ ನೋಯ್ಥರ್ ಎಂಬ ಗಣಿತಜ್ಞೆ ಒಂದು ಪ್ರಮೇಯ ಸಾಧಿಸಿದರು. ಪ್ರಕೃತಿಯ ನಿಯಮಗಳು ಇವತ್ತು, ನಾಳೆ ಒಂದೇ ಆಗಿದ್ದರೆ ಶಕ್ತಿ ಉಳಿಯಲೇಬೇಕು. ಇಲ್ಲಿ, ಅಲ್ಲಿ ಒಂದೇ ಆಗಿದ್ದರೆ ಚಲನೆಯ ಮೊತ್ತ, ಅಂದರೆ ದ್ರವ್ಯರಾಶಿಯನ್ನು ವೇಗಕ್ಕೆ ಗುಣಿಸಿದ್ದು, ಉಳಿಯಲೇಬೇಕು. ಅಲ್ಲಿಯವರೆಗೆ "ಏನೋ ಒಂದು ಉಳಿಯುತ್ತದೆ" ಎಂಬ ಹಳೇ ನಂಬಿಕೆ ನಂಬಿಕೆಯಾಗಿಯೇ ಇತ್ತು. ನೋಯ್ಥರ್ ಅದರ ಬೇರನ್ನು ಇನ್ನೊಂದು ಕಡೆ ತೋರಿಸಿದರು. ಬೇರು ಇಲ್ಲವಾಗಲಿಲ್ಲ, ನಿಜ. ನಿಯಮಗಳು ಇವತ್ತು, ನಾಳೆ ಒಂದೇ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಲಕ್ಕುಂಡಿಯ ಕಡೆ ಒಂದು ನೋಟ

ಗದಗಿನ ಹತ್ತಿರ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ. ಅಲ್ಲಿಗೆ ಹೋದವರು ಕಂಬದ ನುಣುಪು, ಪದ್ಮಾವತಿಯ ಮೂರ್ತಿ ನೋಡಿ ಬರುತ್ತಾರೆ. ಆ ಬಸದಿಯಲ್ಲಿ ಕೂತು ಓದಿದವರಿಗೆ ಜಗತ್ತಿನಲ್ಲಿ ಏನೇನಿದೆ ಎಂಬುದಕ್ಕೆ ಸ್ಪಷ್ಟ ಪಟ್ಟಿ ಇತ್ತು. ಜೈನ ದರ್ಶನದ ಆರು ದ್ರವ್ಯಗಳು: ಜೀವ, ಪುದ್ಗಲ (ಜಡ ವಸ್ತು), ಧರ್ಮ, ಅಧರ್ಮ, ಆಕಾಶ (ಎಲ್ಲಕ್ಕೂ ಜಾಗ ಕೊಡುವುದು), ಕಾಲ. ಇಲ್ಲಿ ಧರ್ಮ ಅಂದರೆ ಪುಣ್ಯ ಅಲ್ಲ, ಚಲನೆಗೆ ಆಸರೆಯಾಗುವ ದ್ರವ್ಯ. ಮೀನು ಈಜಲು ನೀರು ಹೇಗೋ ಹಾಗೆ. ನೀರು ಮೀನನ್ನು ತಳ್ಳುವುದಿಲ್ಲ, ಆದರೆ ನೀರಿಲ್ಲದೆ ಈಜಿಲ್ಲ. ನಿಲ್ಲುವುದಕ್ಕೂ ಅದೇ ರೀತಿ ಇನ್ನೊಂದು ದ್ರವ್ಯ, ಅಧರ್ಮ.

ಇದನ್ನು ಹೇಳಿದ ಕೂಡಲೇ "ನ್ಯೂಟನ್‌ಗಿಂತ ಮೊದಲೇ ನಮ್ಮವರಿಗೆ ಎಲ್ಲಾ ಗೊತ್ತಿತ್ತು" ಎಂದು ಎದೆ ತಟ್ಟುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಚಲನೆಗೆ ತಳ್ಳುವವನು ಬೇಡ, ಆಸರೆ ಸಾಕು ಎನ್ನುವುದು ನಿಜಕ್ಕೂ ಚುರುಕಾದ ಯೋಚನೆ. ಆದರೆ ಎಷ್ಟು ಹೊತ್ತಿಗೆ ಎಷ್ಟು ದೂರ ಎಂದು ಕೇಳಿದರೆ ಅದರಿಂದ ಉತ್ತರ ಬರುವುದಿಲ್ಲ. ಆಶ್ಚರ್ಯ ಏನೆಂದರೆ ಗಣಿತವೂ ಅದೇ ಅಂಗಳದಲ್ಲಿತ್ತು. ಹುಬ್ಬಳ್ಳಿಯ ಬೆಟ್ಟವೊಂದಕ್ಕೆ ಹೆಸರಾಗಿರುವ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಬಡ್ಡಿ, ಕ್ಷೇತ್ರಫಲ, ಭಿನ್ನರಾಶಿ, ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬ ಲೆಕ್ಕ, ಎಲ್ಲಾ ಅದರಲ್ಲಿದೆ. ಆಕಾಶದ ಗ್ರಹಗಳಿಗೆ ನಮ್ಮವರು ಗಣಿತ ಹಚ್ಚಿದರು. ನೆಲದ ಮೇಲೆ ಉರುಳುವ ಗುಂಡಿಗೆ ಹಚ್ಚಲಿಲ್ಲ. ಏನಿದೆ ಎಂಬ ವಿಚಾರ ಒಂದು ಕಡೆ, ಎಷ್ಟು ಎಂಬ ಲೆಕ್ಕ ಇನ್ನೊಂದು ಕಡೆ ಉಳಿಯಿತು.

ಮಹಾವೀರಾಚಾರ್ಯನ ಒಂದು ಮಾತು ನನಗೆ ಬಹಳ ಇಷ್ಟ. ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಎನ್ನುತ್ತಾನೆ. ನೋಡಿ, ಇದು ಬರೀ ಲೆಕ್ಕದ ನಿಯಮ ಅಲ್ಲ. ಸಂಖ್ಯೆಗಳ ಸ್ವಭಾವ ಏನು ಎಂಬ ತೀರ್ಪು. 16ನೇ ಶತಮಾನದ ಇಟಲಿಯಲ್ಲಿ ಕಾರ್ಡಾನೊ, ಬೊಂಬೆಲ್ಲಿ "ಇಲ್ಲದಿದ್ದರೂ ಇದೆ ಅಂತ ಇಟ್ಟುಕೊಂಡು ಲೆಕ್ಕ ಮಾಡೋಣ" ಎಂದು ಮುಂದುವರಿದರು, ಮುಜುಗರದಿಂದಲೇ. 1926ರಲ್ಲಿ ಶ್ರೋಡಿಂಗರ್ ಬರೆದ ಪರಮಾಣುವಿನ ಸಮೀಕರಣದಲ್ಲಿ ಋಣ ಒಂದರ ವರ್ಗಮೂಲ ಕಣ್ಣಿಗೆ ಹೊಡೆಯುವ ಹಾಗೆ ಮೊದಲಿಗೇ ಕೂತಿದೆ. ಅಳೆಯಲು ಸಿಗುವ ಎಲ್ಲಾ ನಂಬರ್‌ಗಳೂ ನಮ್ಮ ದಿನಬಳಕೆಯ ಸಂಖ್ಯೆಗಳೇ. ಅವನ್ನು ಹೇಳಲು ಬೇಕಾದ ಗಣಿತ ಮಾತ್ರ ಮಹಾವೀರಾಚಾರ್ಯ "ಇಲ್ಲ" ಅಂದದ್ದರ ಮೇಲೆ ನಿಂತಿದೆ. 1960ರಲ್ಲಿ ಯೂಜೀನ್ ವಿಗ್ನರ್ ಎಂಬ ಭೌತವಿಜ್ಞಾನಿ, ಗಣಿತ ಪ್ರಕೃತಿಗೆ ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಕಾರಣವೇ ತಿಳಿಯುತ್ತಿಲ್ಲ ಅಂತ ಬರೆದದ್ದು ಇಂಥ ಸಂಗತಿಗಳನ್ನು ನೋಡಿಯೇ.

ಮಳೆ ತರುವುದು ಯಾರು?

"ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಎಂಬ ಗಾದೆ ನಮ್ಮ ಭಾಗದ ಯಾವ ರೈತನನ್ನು ಕೇಳಿದರೂ ಬರುತ್ತದೆ. ರೋಹಿಣಿ, ಮೃಗಶಿರ, ಆರಿದ್ರಾ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಮಳೆಗೆ ಆ ಹೆಸರು. ಈಗಿನ ಲೆಕ್ಕದಲ್ಲಿ ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 7-8ಕ್ಕೆ ಹುಟ್ಟುತ್ತದೆ. 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಲೆಕ್ಕ ಪಕ್ಕಾ. ಮೃಗಶಿರ ಹುಟ್ಟಿದಾಗ ಮುಂಗಾರು ಬರುವುದೂ ಬಹುಪಾಲು ನಿಜ. ಹಾಗಾದರೆ ಮೃಗಶಿರ ನಕ್ಷತ್ರ ಮಳೆ ತರುತ್ತದೆಯೇ?

ಒಂದರ ಹಿಂದೆ ಒಂದು ಬರುವುದನ್ನು ಎಷ್ಟು ಸಲ ನೋಡಿದರೂ, ಮೊದಲನೆಯದು ಎರಡನೆಯದನ್ನು ತಂದಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ ಎಂದು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1739ರಲ್ಲಿ ವಾದಿಸಿದ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುತ್ತಿದ್ದ ನಮ್ಮ ಚಾರ್ವಾಕರು ಇದೇ ಧಾಟಿಯ ಅನುಮಾನವನ್ನು ಬಹಳ ಹಿಂದೆಯೇ ಎತ್ತಿದ್ದರು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆ ಎಂದು ಹೇಳಲು ಎಲ್ಲಾ ಹೊಗೆಯನ್ನೂ ನೋಡಿದವರು ಯಾರು? ನೈಯಾಯಿಕರ, ಅಂದರೆ ನ್ಯಾಯ ದರ್ಶನದ ತರ್ಕದವರ, ಉತ್ತರ ಕೆಲಸಕ್ಕೆ ಬರುವಂಥದ್ದು. ಉಪಾಧಿ, ಅಂದರೆ ಮರೆಯಲ್ಲಿರುವ ಷರತ್ತು, ಹುಡುಕಿ ಅಂದರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಅನ್ನುವುದು ತಪ್ಪು, ಯಾಕೆಂದರೆ ಹೊಗೆ ಬರುವುದು ಹಸಿ ಕಟ್ಟಿಗೆ ಇದ್ದಾಗ. ಆ ಹಸಿ ಕಟ್ಟಿಗೆಯೇ ಉಪಾಧಿ.

ಮೃಗಶಿರದ ವಿಷಯದಲ್ಲಿ ಉಪಾಧಿಯನ್ನು ಲೆಕ್ಕದಿಂದಲೇ ಹಿಡಿಯಬಹುದು. ಭೂಮಿಯ ಅಕ್ಷ ನಿಧಾನವಾಗಿ ವಾಲುತ್ತಾ ತಿರುಗುವುದರಿಂದ ನಕ್ಷತ್ರಗಳ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಸುಮಾರು 71 ವರ್ಷಕ್ಕೆ ಒಂದು ದಿನ ಅಂತರ ಬೀಳುತ್ತದೆ. ಸಾವಿರ ವರ್ಷಕ್ಕೆ 14 ದಿನ. ಅಂದರೆ ಅತ್ತಿಮಬ್ಬೆಯ ಕಾಲದಲ್ಲಿ ಸೂರ್ಯ ಮೃಗಶಿರಕ್ಕೆ ಹೋಗುತ್ತಿದ್ದದ್ದು ಈಗಿನ ಕ್ಯಾಲೆಂಡರಿನ ಮೇ 25ರ ಆಸುಪಾಸಿಗೆ. ನಕ್ಷತ್ರವೇ ಮಳೆ ತರುವುದಾದರೆ ಮುಂಗಾರೂ ಅದರ ಬೆನ್ನು ಹತ್ತಿ ಸರಿಯಬೇಕಿತ್ತು. ಮುಂಗಾರನ್ನು ಎಳೆಯುವುದು ನೆಲ ಮತ್ತು ಕಡಲು ಬೇರೆ ಬೇರೆ ರೀತಿ ಬಿಸಿಯಾಗುವುದು, ಅಂದರೆ ಋತು. ಪಂಚಾಂಗದ ಗಣಿತ ಸರಿಯಾಗಿಯೇ ಇದೆ. ಕಾರಣ ಯಾವುದು ಎಂಬುದು ಆ ಗಣಿತದೊಳಗೆ ಇಲ್ಲ. "ಇದು ಹೀಗಿಲ್ಲದಿದ್ದರೆ ಅದು ಏನಾಗುತ್ತಿತ್ತು" ಎಂದು ಕೇಳಿದಾಗ ಮಾತ್ರ ಅದು ಬೇರೆಯಾಗುತ್ತದೆ. ದತ್ತಾಂಶ ರಾಶಿ ಹಾಕಿ ಕಂಪ್ಯೂಟರಿಗೆ ಕೊಟ್ಟರೆ ಸಾಕು ಅನ್ನುವವರು ಈ ಪ್ರಶ್ನೆಯನ್ನು ಈಗಲೂ ಹಾರಿಸಿಬಿಡುತ್ತಾರೆ.

ಸಮೀಕರಣ ಒಂದೇ, ಜಗತ್ತು ಬೇರೆ

ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಪಕ್ಕ ನಿಂತ ರೈಲಿನಲ್ಲಿ ಕೂತಿದ್ದೀರಿ. ಪಕ್ಕದ ಗಾಡಿ ಬಿಟ್ಟರೆ ನಮ್ಮದೇ ಬಿಟ್ಟಿತು ಅನಿಸುತ್ತದೆ. ಕಿಟಕಿಯಾಚೆ ಕಂಬ ನೋಡಿದ ಮೇಲೆ ಗೊತ್ತಾಗುತ್ತದೆ. ಕಂಬವೇ ಇಲ್ಲದಿದ್ದರೆ? ನಿಜವಾಗಿ ಚಲಿಸುತ್ತಿರುವವರು ಯಾರು ಎಂಬ ಪ್ರಶ್ನೆಗೆ ಅರ್ಥ ಇದೆಯೇ?

ಇದೆ ಎಂದ ನ್ಯೂಟನ್. 1687ರ ಅವನ ಮಹಾಗ್ರಂಥದ ಹೆಸರಿನಲ್ಲೇ 'ಗಣಿತದ ತತ್ವಗಳು' ಅಂತಿದೆ, ಆದರೆ ಶುರುವಾಗುವುದು ಎಲ್ಲದರ ಹಿಂದೆ ಅಲುಗಾಡದೆ ನಿಂತ ಆಕಾಶ (ಮೋಡದ ಆಕಾಶವಲ್ಲ, ವಸ್ತುಗಳಿಗೆ ಜಾಗ ಕೊಡುವ ಆಕಾಶ) ಮತ್ತು ಕಾಲದ ಮಾತಿನಿಂದ. ಹಗ್ಗಕ್ಕೆ ಕಟ್ಟಿದ ಬಕೆಟ್ಟಿನ ನೀರನ್ನು ಗಿರಗಿರ ತಿರುಗಿಸಿದರೆ ನಡುವೆ ತಗ್ಗಾಗಿ ಅಂಚಿಗೆ ಏರುತ್ತದೆ. ಬಕೆಟ್ಟಿಗೆ ಹೋಲಿಸಿದರೆ ನೀರು ನಿಂತೇ ಇದೆ, ಆದರೂ ಏರಿದೆ. ಹಾಗಾದರೆ ಅದು ತಿರುಗುತ್ತಿರುವುದು ಯಾವುದಕ್ಕೆ ಹೋಲಿಸಿ? ಆಕಾಶಕ್ಕೇ ಎಂದ. ಲೈಬ್‌ನಿಜ್ 1715-16ರಲ್ಲಿ ನ್ಯೂಟನ್ನನ ಪರವಾಗಿ ವಾದಿಸುತ್ತಿದ್ದ ಕ್ಲಾರ್ಕ್‌ಗೆ ಪತ್ರ ಬರೆದು ಕೆಣಕಿದ. ಇಡೀ ವಿಶ್ವವನ್ನೇ ಒಂದಷ್ಟು ಪಕ್ಕಕ್ಕೆ ಸರಿಸಿ ಇಟ್ಟಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತೇ? ಯಾವ ರೀತಿಯಲ್ಲೂ ಗೊತ್ತಾಗದ ವ್ಯತ್ಯಾಸ ವ್ಯತ್ಯಾಸವೇ ಅಲ್ಲ. ಇಬ್ಬರಲ್ಲೂ ಹುರುಳಿತ್ತು.

ಜರ್ಮನಿಯ ತತ್ವಜ್ಞಾನಿ ಕಾಂಟ್ ಬಂದು ಬೇರೆ ದಾರಿ ಹಿಡಿದ. 1786ರ ಅವನ ಪುಸ್ತಕದ ವಿಷಯವೇ ನಿಸರ್ಗ ವಿಜ್ಞಾನದ ತಾತ್ವಿಕ ಬುನಾದಿ. ಪ್ರಕೃತಿಯ ಯಾವುದೇ ಅಧ್ಯಯನದಲ್ಲಿ ಗಣಿತ ಎಷ್ಟಿದೆಯೋ ಅಷ್ಟೇ ನಿಜವಾದ ವಿಜ್ಞಾನ ಅಂತ ಅದರಲ್ಲಿ ಹೇಳಿದ. ಆ ಲೆಕ್ಕದಲ್ಲಿ ರಸಾಯನಶಾಸ್ತ್ರಕ್ಕೆ ವಿಜ್ಞಾನದ ಪಟ್ಟ ಕೊಡಲಿಲ್ಲ. ಮೂರೇ ವರ್ಷಕ್ಕೆ ಲವಾಜಿಯೆಯ ಸಮೀಕರಣ ಬಂತು! ಆಕಾಶ ಅನ್ನುವುದು ನಾವು ನೋಡುವ ರೀತಿಯಲ್ಲೇ ಇದೆ, ಹಾಗಾಗಿ ಯೂಕ್ಲಿಡ್‌ನ ಜ್ಯಾಮಿತಿ ತಪ್ಪಾಗಲು ಸಾಧ್ಯವೇ ಇಲ್ಲ ಎಂಬುದು ಅವನ ನಿಲುವು. ಇದಕ್ಕೆ ಪೆಟ್ಟು ಕೊಟ್ಟವರು ಗಣಿತದವರು. ಲೊಬಚೆವ್‌ಸ್ಕಿ 1829ರಲ್ಲಿ, ಬೊಯಾಯಿ 1832ರಲ್ಲಿ ಬೇರೆ ಜ್ಯಾಮಿತಿ ಕಟ್ಟಿದರು. ರೀಮಾನ್ 1854ರಲ್ಲಿ ಆಕಾಶದ ಬಾಗುವಿಕೆಯನ್ನೇ ಬಿಂದು ಬಿಂದುವಿಗೆ ಲೆಕ್ಕ ಹಾಕುವ ದಾರಿ ತೋರಿಸಿದ. ಭೂಮಿಯಂಥ ದುಂಡು ಮೈಮೇಲೆ ಉತ್ತರ ಧ್ರುವದಿಂದ ಇಳಿಯುವ ಎರಡು ಗೆರೆ ಮತ್ತು ಸಮಭಾಜಕ ವೃತ್ತದ ನಡುವೆ ಮೂರು ಲಂಬಕೋನ ಇರುವ ತ್ರಿಕೋನ ಮಾಡಬಹುದು. ಒಟ್ಟು 270 ಡಿಗ್ರಿ. ಸಾಧ್ಯವೇ ಇಲ್ಲ ಅಂದದ್ದು ಸಾಧ್ಯವಾಯಿತು. ನಮ್ಮ ಜಗತ್ತು ಯಾವ ಜ್ಯಾಮಿತಿಯದು ಎಂಬುದು ಅಳೆದು ನೋಡಬೇಕಾದ ಪ್ರಶ್ನೆಯಾಯಿತು.

1904ರ ಹೊತ್ತಿಗೆ ಲೊರೆಂಟ್ಸ್ ಎಂಬ ಡಚ್ ವಿಜ್ಞಾನಿ, ಚಲಿಸುವ ಅಳತೆಗೋಲು ಮತ್ತು ಗಡಿಯಾರಗಳ ಸಮೀಕರಣ ಬರೆದಿದ್ದ. 1905ರಲ್ಲಿ ಐನ್‌ಸ್ಟೈನ್ ಬರೆದದ್ದೂ ಅವೇ ಸಮೀಕರಣಗಳು. ಲೊರೆಂಟ್ಸ್‌ನ ಜಗತ್ತಿನಲ್ಲಿ ಎಲ್ಲೆಡೆ ತುಂಬಿದ, ಬೆಳಕಿನ ಅಲೆ ಸಾಗುವ ಈಥರ್ ಎಂಬ ಮಾಧ್ಯಮ ಇತ್ತು, ಅದರಲ್ಲಿ ಓಡುವ ವಸ್ತು ಕುಗ್ಗುತ್ತಿತ್ತು. ಐನ್‌ಸ್ಟೈನ್ ಕೇಳಿದ್ದು "ಎರಡು ಘಟನೆ ಒಂದೇ ಹೊತ್ತಿಗೆ ಆದವು ಅಂದರೆ ಏನು?" ಎಂಬ ಶುದ್ಧ ಮೆಟಾಫಿಸಿಕ್ಸಿನ ಪ್ರಶ್ನೆ. ಲೈಬ್‌ನಿಜ್‌ನ ಹಾಗೆ ಅವನೂ ಗೊತ್ತಾಗದ ವ್ಯತ್ಯಾಸವನ್ನು ಕೈಬಿಟ್ಟ. ಈಥರ್ ಹೋಯಿತು. ಸಮೀಕರಣ ಒಂದೇ ಆಗಿದ್ದರೂ ಮುಂದಿನ ದಾರಿ ತೆರೆದದ್ದು ಇವನಿಗೆ. ಹತ್ತು ವರ್ಷದ ಮೇಲೆ ರೀಮಾನ್‌ನ ಗಣಿತ ಹಿಡಿದು ಗುರುತ್ವವನ್ನು ಬಾಗುವಿಕೆ ಎಂದ. ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಬೆಳಕಿನ ವೇಗಕ್ಕೆ ಗುಣಿಸಿದರೆ 11 ಕಿಲೋಮೀಟರ್, ಧಾರವಾಡ-ಹುಬ್ಬಳ್ಳಿಯ ಅರ್ಧ ದಾರಿ. ಅದನ್ನು ತಿದ್ದಿಯೇ ನಮ್ಮ ಮೊಬೈಲು ದಾರಿ ತೋರಿಸುವುದು.

ಪರಮಾಣುವಿನಷ್ಟು ಸಣ್ಣ ವಸ್ತುಗಳ ಕ್ವಾಂಟಂ ಲೋಕದಲ್ಲಿ ಈ ಜಗಳ ಇನ್ನೂ ನಡೆದಿದೆ. ಅಳೆಯುವ ಮೊದಲೇ ಕಣಕ್ಕೆ ಆ ಗುಣ ಇರುತ್ತದೆಯೇ? 1935ರಲ್ಲಿ ಐನ್‌ಸ್ಟೈನ್ ಮತ್ತು ಇಬ್ಬರು ಸಹೋದ್ಯೋಗಿಗಳು ಇರಲೇಬೇಕು ಎಂದು ವಾದಿಸಿದರು. ಬೋರ್ ಒಪ್ಪಲಿಲ್ಲ. ಇದು ಮುಗಿಯದ ತತ್ವಚರ್ಚೆ ಅಂತ ಬಹಳ ಮಂದಿ ಬಿಟ್ಟಿದ್ದರು. 1964ರಲ್ಲಿ ಜಾನ್ ಬೆಲ್ ಅದನ್ನು ಲೆಕ್ಕಕ್ಕೆ ತಂದ. ಗುಣಗಳು ಅಳೆಯುವ ಮೊದಲೇ ಕಣದಲ್ಲಿ ಇದ್ದು, ದೂರದ ಎರಡು ಕಣಗಳು ಒಂದನ್ನೊಂದು ತಕ್ಷಣ ಮುಟ್ಟಲಾರವು ಎಂದಾದರೆ, ಅಳತೆಗಳ ನಡುವಿನ ಹೊಂದಾಣಿಕೆಗೆ ಒಂದು ಮಿತಿ ಇದೆ. ಈಗ ಬಳಸುವ ರೂಪದಲ್ಲಿ ಆ ಮಿತಿ 2. ಕ್ವಾಂಟಂ ಸಿದ್ಧಾಂತದ ಪ್ರಕಾರ 2.83ರವರೆಗೆ ಹೋಗಬಹುದು. 1972ರಲ್ಲಿ ಕ್ಲಾಸರ್ ಮತ್ತು ಫ್ರೀಡ್‌ಮನ್, 1980ರ ದಶಕದ ಮೊದಲಲ್ಲಿ ಆಸ್ಪೆ, ಆಮೇಲೆ ಜೈಲಿಂಗರ್ ಮತ್ತಿತರರು ಪ್ರಯೋಗ ಮಾಡಿದರು. ಮಿತಿ ಮುರಿಯಿತು. ಕ್ಲಾಸರ್, ಆಸ್ಪೆ, ಜೈಲಿಂಗರ್ ಮೂವರಿಗೆ 2022ರ ನೊಬೆಲ್ ಬಂತು.

ಹಾಗಾದರೆ ಒಪ್ಪಿಕೊಂಡದ್ದರಲ್ಲಿ ಯಾವುದನ್ನು ಬಿಡಬೇಕು? ಅದನ್ನು ಲೆಕ್ಕ ಹೇಳುವುದಿಲ್ಲ. 1952ರ ಬೋಮ್‌ನ ದಾರಿಯಲ್ಲಿ ಕಣಕ್ಕೆ ಸದಾ ಒಂದು ಜಾಗ ಇದೆ, ಆದರೆ ದೂರದ ಕಣಗಳು ಒಂದನ್ನೊಂದು ತಕ್ಷಣ ಮುಟ್ಟುತ್ತವೆ. 1957ರ ಎವರೆಟ್‌ನ ದಾರಿಯಲ್ಲಿ ಅಂಥ ಮುಟ್ಟುವಿಕೆ ಇಲ್ಲ, ಆದರೆ ಅಳತೆಗೆ ಒಂದೇ ಫಲ ಎಂಬುದೂ ಇಲ್ಲ, ಎಲ್ಲಾ ಫಲಗಳೂ ಆಗುತ್ತವೆ. ಲ್ಯಾಬಿನಲ್ಲಿ ಎರಡೂ ಒಂದೇ ನಂಬರ್ ಕೊಡುತ್ತವೆ. ನನ್ನನ್ನು ಕೇಳಿದರೆ ನನ್ನ ಒಲವು ಮೂರನೇ ಗುಂಪಿನ ಕಡೆ, ಅವರ ಜಗತ್ತು ಸರಿ ಅಂತಲ್ಲ, ತಪ್ಪಾದರೆ ಸಿಕ್ಕಿಬೀಳುತ್ತಾರೆ ಎಂಬುದಕ್ಕೆ. 1986ರಲ್ಲಿ ಗಿರಾರ್ಡಿ, ರಿಮಿನಿ, ವೆಬರ್ ಶ್ರೋಡಿಂಗರ್ ಸಮೀಕರಣವನ್ನೇ ಒಂಚೂರು ತಿದ್ದಿದರು. ಕಣ ಎಲ್ಲೆಲ್ಲಿ ಸಿಗಬಹುದು ಎಂದು ಹೇಳುವ ಆ ಸಮೀಕರಣದ ಅಲೆ ಆಗಾಗ ತಾನಾಗಿಯೇ ಒಂದು ಜಾಗಕ್ಕೆ ಕುಸಿಯುತ್ತದೆ, ಯಾರೂ ಅಳೆಯಬೇಕಿಲ್ಲ. ಈ ಬಗೆಯ ಸಿದ್ಧಾಂತಗಳು ನಿಜವಾದರೆ ವಸ್ತುಗಳು ಅತಿ ಸಣ್ಣ ಪ್ರಮಾಣದಲ್ಲಿ ಕಿರಣ ಸೂಸಬೇಕು. ಇಟಲಿಯ ಗ್ರಾನ್ ಸಾಸೋ ಪರ್ವತದ ಅಡಿಯ ಪ್ರಯೋಗಾಲಯದಲ್ಲಿ ಅದನ್ನು ಹುಡುಕಿದ್ದಾರೆ. ಕಿರಣ ಸಿಕ್ಕಿಲ್ಲ. ಕೆಲವು ಬಗೆಗಳು ಅಲ್ಲಿಗೇ ಬಿದ್ದುಹೋದವು, ಉಳಿದವುಗಳ ಹುಡುಕಾಟ ನಡೆದಿದೆ.